ಹತ್ತು ನಿಮಿಷದ ಮಳೆ

ನೆಗಡಿ ಆಗಿದೆ. ಮಳೆಯಿಂದ ಅಂತ ಹೇಳಿದರೆ ಮಳೆಗೆ ಅನ್ಯಾಯ ಮಾಡಿದ ಹಾಗೆ. ನಮ್ಮಪ್ಪನಿಂದ ಬಂದ ನೆಗಡಿ ಇದು.

ನಿನ್ನೆ ರಾತ್ರಿ ಒಂದೂವರೆಗೆ ಹೊದಿಕೆ ಎಳೆದು, "ಲೇ, ಏಳ್ಲಾ, ರೋಹಿಣಿ ಮಳೆ ಬಂತು! ವಾಲ್ ಹತ್ರ ಓಡು" ಅಂದರು. ಮಧುಗಿರಿ ಕಡೆಯ ನಮ್ಮೂರಿಗೆ ಮಳೆ ಅಪರೂಪದ ನೆಂಟ. ಬಂದಾಗ ಎದ್ದು ಬಾಗಿಲಿಗೆ ಹೋಗಬೇಕು, ನಿಜ. ಆದರೆ ನಾನು ಓಡಿದ್ದು ನೀರು ಹಿಡಿಯೋಕಲ್ಲ, ಬಿಡೋಕೆ.

ನಮ್ಮ ಬೋರ್ ನೀರಿನ ಗುಣ ಈ ಕಡೆಯವರಿಗೆ ಗೊತ್ತೇ ಇದೆ. ಸೋಪು ನೊರೆ ಬಿಡಲ್ಲ, ಬೇಳೆ ಬೇಯಲ್ಲ, ಪಾತ್ರೆ ತಳದಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಪೊರೆ. ಮೇಲೆ ಫ್ಲೋರೈಡ್ ಬೇರೆ. ಊರಲ್ಲಿ ಅರ್ಧ ಜನ ನಕ್ಕರೆ ಹಲ್ಲೇ ಹೇಳುತ್ತೆ. ಅದಕ್ಕೇ ಹೋದ ವರ್ಷ ಮಳೆ ನೀರು ಹಿಡಿಯುವ ಏರ್ಪಾಡು ಮಾಡಿಸಿದೆವು. ತಾರಸಿಯಿಂದ ನಾಲ್ಕಿಂಚಿನ ಪೈಪು, ಜಲ್ಲಿ-ಮರಳು-ಇದ್ದಿಲು ತುಂಬಿದ ಡ್ರಮ್ಮು, ಅಲ್ಲಿಂದ 10,000 ಲೀಟರಿನ ಸಂಪು.

ಅವತ್ತೇ ಅಪ್ಪ ಕ್ಯಾಲೆಂಡರ್ ಹಿಂದೆ ಪೆನ್ಸಿಲ್ಲಲ್ಲಿ ಲೆಕ್ಕ ಹಾಕಿದರು. ತಾರಸಿ 1,000 ಚದರಡಿ. ಒಂದು ಮಿಲಿಮೀಟರ್ ಮಳೆ ಬಂದರೆ ಸುಮಾರು 93 ಲೀಟರ್. ವರ್ಷಕ್ಕೆ 600 ಮಿಲಿಮೀಟರ್ ಅಂತ ಹಿಡಿದರೂ 55 ಸಾವಿರ ಲೀಟರ್ ಮೇಲಾಯ್ತು. "ಹನ್ನೊಂದು ಟ್ಯಾಂಕರ್ ಕಣ್ಲಾ!" ಅಂತ ಮೀಸೆ ತಿರುವಿದ್ದರು. ಆ ಹನ್ನೊಂದು ಟ್ಯಾಂಕರ್ ಇನ್ನೂ ಕ್ಯಾಲೆಂಡರ್ ಹಿಂದೆಯೇ ನಿಂತಿವೆ.

ಯಾಕೆಂದರೆ, ಪೈಪು ಹಾಕಿದವನು ಹೋಗುವಾಗ ಒಂದು ಮಾತು ಹೇಳಿಬಿಟ್ಟ. ಮೊದಲ ಹತ್ತು ನಿಮಿಷದ ನೀರನ್ನು ಆಚೆ ಬಿಡಿ, ತಾರಸಿ ಮೇಲಿನ ಧೂಳು, ಬೇವಿನೆಲೆ, ಪಾರಿವಾಳದ ಹಿಕ್ಕೆ ಎಲ್ಲ ಕೊಚ್ಚಿಹೋಗಲಿ, ಆಮೇಲೆ ವಾಲ್ ಮುಚ್ಚಿ ಅಂತ. ತಪ್ಪಿಲ್ಲದ ಮಾತು. ಆದರೆ ಹತ್ತು ಅಂದರೆ ಅಪ್ಪನಿಗೆ ಹತ್ತೇ. ಒಂಬತ್ತೂವರೆ ಅಲ್ಲ.

ಕಿಟಕಿಯ ಒಳಗೆ ಬೆಚ್ಚಗೆ ಅಪ್ಪ, ಕಣ್ಣು ಗೋಡೆ ಗಡಿಯಾರದ ಮೇಲೆ. ಆಚೆ ವಾಲ್ ಪಕ್ಕ ಕಡ್ಡಿ ಮುರಿದ ಛತ್ರಿ ಹಿಡಿದು ನಾನು. ಕಡ್ಡಿ ಮುರಿದ ಕಡೆಯಿಂದ ನೀರು ನೇರ ನನ್ನ ಬೆನ್ನಿಗೆ. ಮೊದಲು ಟೀ ಬಣ್ಣದ ನೀರು ಬಂತು. ಎರಡೇ ನಿಮಿಷಕ್ಕೆ ತಿಳಿಯಾಯ್ತು.

"ಅಪ್ಪ, ತಿಳಿನೀರು ಬತ್ತೈತೆ, ಮುಚ್ಲಾ?"

"ಇನ್ನೂ ಎಂಟು ನಿಮಿಷ ಐತೆ."

ಕೊಡದಲ್ಲಿ ಹಿಡಿದು ಕುಡಿಯುವಂಥ ನೀರು ನನ್ನ ಹವಾಯಿ ಚಪ್ಪಲಿ ತೇಲಿಸಿಕೊಂಡು ಬೀದಿಗೆ ಹರೀತಿತ್ತು. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಅಂತಾರೆ. ನಮ್ಮ ಓಣಿಯಲ್ಲಿ ಬರೀ ನಮ್ಮನೆ ನೀರು.

"ಐದು." ಸಿಡಿಲು ಹೊಡೀತು. "ಮೂರು." ಪಕ್ಕದ ಮನೆ ನಾಯಿ ಜಗಲಿ ಮೇಲಿಂದ ನನ್ನನ್ನೇ ನೋಡ್ತಿತ್ತು. ಅದಕ್ಕೂ ನನ್ನ ಮೇಲೆ ಕನಿಕರ ಬಂದಿರಬೇಕು. "ಒಂದು... ಹೂಂ, ತಿರುಗ್ಸು!"

ವಾಲ್ ಜಾಮ್ ಆಗಿತ್ತು. ಛತ್ರಿ ಎಸೆದು ಎರಡೂ ಕೈಯಲ್ಲಿ ತಿರುಗಿಸಿದೆ. ಕೊನೆ ಸುತ್ತು ಮುಗೀತು, ಮಳೆಯೂ ಮುಗೀತು. ನಲ್ಲಿ ನಿಲ್ಲಿಸಿದ ಹಾಗೆ.

ಅಪ್ಪ ಟಾರ್ಚ್ ತಂದು ಸಂಪಿನ ಮುಚ್ಚಳ ತೆಗೆದು ಬಗ್ಗಿದರು. ತೊಟ್... ತೊಟ್... "ಬೀಳ್ತೈತೆ, ಬೀಳ್ತೈತೆ" ಅಂದರು. ಅಳತೆ ಕೋಲು ಇಳಿಸಿ ನೋಡಿದರೆ ಗೆರೆ ಮೊನ್ನೆ ಇದ್ದಲ್ಲೇ ಇತ್ತು. "ನೀನು ಇನ್ನೊಂಚೂರು ಜಲ್ದಿ ತಿರುಗಿಸ್ಬೇಕಿತ್ತು" ಅಂತ ತೀರ್ಪು ಕೊಟ್ಟು, ಮುಚ್ಚಳಕ್ಕೆ ಬೀಗ ಹಾಕಿ ಮಲಗಲು ಹೋದರು.

ಹೌದು, ಬೀಗ. ಕೀಲಿ ಅಪ್ಪನ ಉಡಿದಾರದಲ್ಲಿರುತ್ತೆ. ಸಂಪಿನಲ್ಲಿ ಇರುವಷ್ಟು ನೀರನ್ನೂ ಯಾರೂ ಮುಟ್ಟುವ ಹಾಗಿಲ್ಲ. ಮಾರ್ಚಿನಲ್ಲಿ ಕೇಳಿದರೆ ಏಪ್ರಿಲ್‌ಗೆ ಬೇಕು ಅಂದರು. ಏಪ್ರಿಲ್‌ನಲ್ಲಿ ಮೇಗೆ ಬೇಕು. ಮೇನಲ್ಲಿ, "ಮುಂಗಾರು ಕೈಕೊಟ್ರೆ ಏನ್ ಮಾಡ್ತೀಯ?" ಮಳೆ ನೀರಲ್ಲಿ ಸ್ನಾನ ಮಾಡಿದ್ದು ನಾನೊಬ್ಬನೇ. ಅದೂ ನಿನ್ನೆ, ಬಟ್ಟೆ ಸಮೇತ.

ಅಮ್ಮ ಇದ್ದಾಗ ವಾಲ್ ಇರಲಿಲ್ಲ, ಗಡಿಯಾರವೂ ಬೇಕಿರಲಿಲ್ಲ. ಹೆಂಚಿನ ಸೂರಿನ ಕೆಳಗೆ ಅಂಗೈ ಒಡ್ಡಿ ನೀರು ನೋಡೋರು. "ಈಗ ತನ್ನಿ" ಅಂದ ತಕ್ಷಣ ನಾವು ಮಕ್ಕಳು ಹಂಡೆ, ಬಿಂದಿಗೆ, ಡಬರಿ ಹೊತ್ತು ಓಡೋದು. ತಾಮ್ರದ ಹಂಡೆಯದ್ದು ಒಂದು ಸದ್ದು, ಸಿಲ್ವಾರದ ಡಬರಿಯದ್ದು ಇನ್ನೊಂದು. ತುಂಬುತ್ತಾ ತುಂಬುತ್ತಾ ಸದ್ದು ಸಣ್ಣಗಾಗೋದು. ಕತ್ತಲಲ್ಲಿ ಮಲಗಿದ್ದೇ ಯಾವುದು ತುಂಬಿತು ಅಂತ ಹೇಳೋರು.

ಇವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಮುದ್ದೆ ಮುರಿದು ಸಾರಿಗೆ ಅದ್ದಿ, ತಲೆ ಆಡಿಸಿದರು. "ಬೇಳೆ ಏನ್ ಬೆಂದೈತಮ್ಮಾ! ಬೆಣ್ಣೆ ಬೆಣ್ಣೆ."

ನನ್ನ ಹೆಂಡತಿ ಮಾತಾಡಲಿಲ್ಲ. ಇನ್ನೊಂದು ಸೌಟು ಬಡಿಸಿದಳು. ನಾವಿಬ್ಬರೂ ರಾತ್ರಿ ನಿಮಿಷ ಎಣಿಸುತ್ತಿದ್ದಾಗ ಅವಳು ಹಿತ್ತಲ ಸಜ್ಜೆ ಕೆಳಗೆ ಎರಡು ಡಬರಿ ಇಟ್ಟಿದ್ದಳಂತೆ. ಬಟ್ಟೆ ಕಟ್ಟಿ ಸೋಸಿದ್ದು ಅಡುಗೆಮನೆ ಮೂಲೆಯಲ್ಲಿ ಇನ್ನೂ ಒಂದೂವರೆ ಬಿಂದಿಗೆ ಇದೆ.

ಅಪ್ಪ ಎರಡನೇ ತುತ್ತು ಬಾಯಿಗಿಡುವ ಮುಂಚೆ ಸುಮ್ನೆ ಅನುಮಾನಕ್ಕೆ ಎಡಗೈಯಲ್ಲಿ ಉಡಿದಾರ ತಡವಿ ನೋಡಿಕೊಂಡರು. ಕೀಲಿ ಅಲ್ಲೇ ಇತ್ತು.