5 ಒತ್ತಿ, ಎಕ್ಸ್ ಒತ್ತಿ, ತೊಲೆ ತಗೊಳ್ಳಿ

ಶಿವಮೊಗ್ಗದಲ್ಲಿ ಮನೆ ಕಟ್ಟಿಸುವವರಿಗೆ ಈಗ ಹೊಸ ಹುಚ್ಚು ಹಿಡಿದಿದೆ. ಮನೆಯ ಹಾಲ್‌ನಲ್ಲಿ ತಲೆ ಎತ್ತಿದರೆ ತೊಲೆ ಕಾಣಬೇಕಂತೆ. ತೊಲೆ ಇರಬೇಕು ಅಂತ ಯಾರೂ ಹೇಳಿಲ್ಲ, ಕಂಡರೆ ಸಾಕು. ಮನೆ ಆರ್‌ಸಿಸಿ. ಸ್ಲ್ಯಾಬ್ ತನ್ನ ಕಂಬಿ, ತನ್ನ ಕಾಂಕ್ರೀಟ್ ನಂಬಿಕೊಂಡು ಆರಾಮಾಗಿ ಮಲಗಿದೆ, ಯಾರ ಹತ್ತಿರವೂ ಕೈ ಚಾಚಿಲ್ಲ. ಆದರೂ ಅದರ ಕೆಳಗೆ ಜಿಪ್ಸಂ ಫಾಲ್ಸ್ ಸೀಲಿಂಗು, ಅದರ ಕೆಳಗೆ ಆರು ತೊಲೆ, ತೊಲೆಯ ಒಳಗೆ ಗಾಳಿ.

ಇದೇ ಜನರ ಅಪ್ಪನ ಮನೆ, ತೀರ್ಥಹಳ್ಳಿ ಕಡೆಯದೋ ಹೊಸನಗರ ಕಡೆಯದೋ, ನಿಜವಾದ ತೊಲೆಯ ಮೇಲೇ ನಿಂತಿತ್ತು. ಹಲಸು, ಮತ್ತಿ, ಹೊನ್ನೆ, ಸ್ವಲ್ಪ ಅನುಕೂಲಸ್ಥರಾದರೆ ಬೀಟೆ. ತೊಲೆಯ ಮೇಲೆ ಹಲಗೆಯ ಮುಚ್ಚಿಗೆ, ಮುಚ್ಚಿಗೆ ಮೇಲೆ ಅಟ್ಟ, ಅದರ ಮೇಲೆ ಇಳಿಜಾರಿಗೆ ಪಕಾಸು, ಪಕಾಸಿಗೆ ಅಡ್ಡ ರೀಪು, ರೀಪಿನ ಮೇಲೆ ಮಂಗಳೂರು ಹೆಂಚು. ಆ ಮನೆ ಕೆಡವಿದ ದಿನ ಹಳೇ ಮರದ ವ್ಯಾಪಾರಿ ಬಂದು, ತೊಲೆಗೆ ಉಗುರಿನಿಂದ ಒಂದು ಗೀರು ಹಾಕಿ, "ವರಲೆ ಹಿಡಿದಿದೆ ಗೌಡ್ರೇ, ಸೌದೆ ರೇಟು ಕೊಡಬಹುದು" ಅಂದ. ಗೌಡ್ರು ಪೀಡೆ ತೊಲಗಿತು ಅಂತ ಲಾರಿಗೆ ತಾವೇ ಒಂದು ಕೈ ಕೊಟ್ಟು ಹತ್ತಿಸಿದರು. ಆ ತೊಲೆ ಈಗ ಯಾವುದೋ ರೆಸಾರ್ಟಿನಲ್ಲಿ ಪಾಲಿಶ್ ಹೊಡೆಸಿಕೊಂಡು ಊಟದ ಮೇಜಾಗಿದೆ. ಮಗ ಅಲ್ಲಿಗೆ ವೀಕೆಂಡ್ ಹೋಗಿ, ಅದೇ ಮೇಜಿನ ಮೇಲೆ ಅಕ್ಕಿ ರೊಟ್ಟಿ ತಿಂದು, ಫೋಟೋ ಹೊಡೆದುಕೊಂಡು ಬಂದು ಡಿಸೈನರಿಗೆ ತೋರಿಸಿ "ನಮಗೂ ಇಂಥದ್ದೇ ಟ್ರೆಡಿಷನಲ್ ಫೀಲ್ ಬೇಕು" ಅನ್ನುತ್ತಾನೆ.

ಡಿಸೈನರ್ ಇಲ್ಲ ಅನ್ನುವುದಿಲ್ಲ. ಅವನ ಹತ್ತಿರ ಸ್ಕೆಚ್‌ಅಪ್ ಇದೆ, ಕಂಪ್ಯೂಟರಿನಲ್ಲಿ ಮನೆಯ ತ್ರೀಡಿ ಚಿತ್ರ ಬರೆಯುವ ಸಾಫ್ಟ್‌ವೇರು. ಗೋಡೆಯ ಮೇಲ್ಗಡೆ 4 ಇಂಚು ಅಗಲ, 6 ಇಂಚು ಎತ್ತರದ ಒಂದು ಆಯತ ಬರೆಯುತ್ತಾನೆ. ಪುಶ್‌ಪುಲ್ ಅನ್ನುವ ಟೂಲಿನಿಂದ ಅದನ್ನು ಎದುರು ಗೋಡೆ ತನಕ ಎಳೆಯುತ್ತಾನೆ. ಒಂದು ತೊಲೆ ಆಯಿತು. ಅದನ್ನು ಕಾಂಪೊನೆಂಟ್, ಅಂದರೆ ಎಷ್ಟು ಕಾಪಿ ತೆಗೆದರೂ ಎಲ್ಲ ಒಂದೇ ಥರ ಇರುವ ಅಚ್ಚು, ಮಾಡಿ, ಮೂವ್ ಟೂಲ್ ಹಿಡಿದು, ಕಂಟ್ರೋಲ್ ಒತ್ತಿ, ಪಕ್ಕದಲ್ಲಿ ಒಂದು ಕಾಪಿ ಇಟ್ಟು, ಕೀಬೋರ್ಡಿನಲ್ಲಿ 5 ಒತ್ತಿ ಎಕ್ಸ್ ಒತ್ತಿ ಎಂಟರ್ ಹೊಡೆದರೆ ಒಂದಿದ್ದ ತೊಲೆ ಆರಾಗುತ್ತದೆ. ಹಿಂದೆ ಆರು ತೊಲೆ ಅಂದರೆ ಮರ ಹುಡುಕಿ, ಕಡಿದು, ವರ್ಷಗಟ್ಟಲೆ ಒಣಗಿಸಿ, ಚೌಕ ಮಾಡಿ, ಊರಿನ ಗಂಡಾಳುಗಳೆಲ್ಲ ಸೇರಿ ಐಸಾ ಹೊಡೆದು ಮೇಲೇರಿಸಿ, ಕೊನೆಗೆ ಅವರಿಗೆಲ್ಲ ಪಾಯಸದ ಊಟ ಹಾಕುವಷ್ಟು ಕೆಲಸ. ಈಗ ಪಾಯಸ ಉಳಿಯಿತು. ದುಡ್ಡು ಕೊಡಲು ಇಷ್ಟವಿಲ್ಲದವರಿಗೆ ಸ್ವೀಟ್ ಹೋಮ್ ತ್ರೀಡಿ ಅಂತ ಪುಕ್ಕಟೆಯದೂ ಇದೆ. ಅದರಲ್ಲಿ ಒಂದು ಪೆಟ್ಟಿಗೆ ತಂದು, ಉದ್ದಕ್ಕೆ ಹಿಗ್ಗಿಸಿ, ನೆಲದಿಂದ ಇಷ್ಟು ಎತ್ತರ ಅಂತ ಹೊಡೆದರೆ ಅದು ಹೋಗಿ ಚಾವಣಿಗೆ ಅಂಟಿಕೊಳ್ಳುತ್ತದೆ. ಅದನ್ನೇ ತೊಲೆ ಅಂದುಕೊಳ್ಳಬೇಕು.

ದುರ್ಗಿಗುಡಿಯ ಅಂಥದ್ದೊಂದು ಆಫೀಸಿಗೆ ನಮ್ಮ ಭಾವ ನನ್ನನ್ನೂ, ಊರಿನ ಆಚಾರ್ರನ್ನೂ ಕರೆದುಕೊಂಡು ಹೋಗಿದ್ದರು. ಆಚಾರ್ರು ಯಾಕೆ ಅಂದರೆ, ಬಾಗಿಲ ಮರ ಆರಿಸಲು. ಹುಡುಗ ದೊಡ್ಡ ಸ್ಕ್ರೀನಿನಲ್ಲಿ ಹಾಲ್ ತೋರಿಸಿದ. ಆಚಾರ್ರು ಕನ್ನಡಕ ಏರಿಸಿ ಚೆನ್ನಾಗಿ ನೋಡಿದರು.

"ಅಲ್ಲ ತಮ್ಮಾ, ಈ ಮರ ಅಡ್ಡಡ್ಡ ಬೆಳೆದಿತ್ತಾ?"

ನೋಡಿದರೆ ಹೌದು. ಮರದ ಗೆರೆ ತೊಲೆಯ ಉದ್ದಕ್ಕೆ ಓಡದೆ ಅಡ್ಡಕ್ಕೆ ಓಡಿದೆ. ಹಾಗೆ ಗೆರೆ ಬರಬೇಕಾದರೆ ಆ ಮರ 20 ಅಡಿ ದಪ್ಪ ಇರಬೇಕು. ಹುಡುಗ ನಕ್ಕು "ಟೆಕ್ಸ್ಚರ್ ತಿರುಗಿಸ್ತೀನಿ ಅಣ್ಣ" ಅಂದು ತಿರುಗಿಸಿದ. ಆಚಾರ್ರು ಬಿಡಲಿಲ್ಲ. "ಆರಕ್ಕೆ ಆರೂ ಮರದಲ್ಲಿ ಅದೇ ಜಾಗದಲ್ಲಿ ಗಂಟು ಬಂದಿದೆಯಲ್ಲ, ಎಲ್ಲ ಒಂದೇ ತಾಯಿ ಮಕ್ಕಳಾ?" ಒಂದೇ ಕಾಂಪೊನೆಂಟ್ ಆದಮೇಲೆ ಗಂಟೂ ಒಂದೇ ಕಡೆ ತಾನೇ ಬರಬೇಕು. ಅದನ್ನು ಅವರಿಗೆ ಬಿಡಿಸಿ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಗಂಟು ಹೋಗಲಿ ಬಿಡಿ. ನನಗೆ ನಿಜವಾಗಿ ಕಸಿವಿಸಿಯಾದದ್ದು ತೊಲೆಯ ದಿಕ್ಕು. ಹಾಲ್ 12 ಅಡಿ ಅಗಲ, 20 ಅಡಿ ಉದ್ದ. ತೊಲೆ ಗೊತ್ತಿದ್ದವರು ಅದನ್ನು 12 ಅಡಿಯ ಕಡೆಗೇ ಹಾಕುತ್ತಾರೆ. ಯಾಕೆಂದರೆ ಅದೇ ದಪ್ಪದ ಮರ, ಅಡಿಗೆ ಅಷ್ಟೇ ಭಾರ ಇಟ್ಟುಕೊಂಡು, ಉದ್ದ ಮಾತ್ರ ಎರಡು ಪಟ್ಟು ಮಾಡಿದರೆ ಅದು ಬಾಗುವುದು 16 ಪಟ್ಟು. ಹಳೇ ಮನೆಗಳ ಜಗಲಿ ಎಷ್ಟು ಉದ್ದ ಹೋದರೂ ಅಗಲದಲ್ಲಿ ಬಿಗಿ ಹಿಡಿದಿರುವುದು ಸುಮ್ನೆ ಅಲ್ಲ, ಸಿಗುವ ಮರ ಎಷ್ಟು ಅಗಲ ದಾಟುತ್ತದೋ ಅಷ್ಟೇ ಕೋಣೆ. ಸ್ಕ್ರೀನಿನಲ್ಲಿ ತೊಲೆಗಳು 20 ಅಡಿಯ ಕಡೆಗೆ ಓಡುತ್ತಿದ್ದವು. ಯಾಕಪ್ಪಾ ಅಂದರೆ "ಹಾಲ್ ಉದ್ದ ಕಾಣುತ್ತೆ ಸರ್." ಒಂದರ ತುದಿ ಹೋಗಿ ಸರಿಯಾಗಿ ಕಿಟಕಿ ಗಾಜಿನ ನೆತ್ತಿಗೆ ನಿಂತಿತ್ತು, ಇನ್ನೊಂದು ಎಸಿಗೆ ದಾರಿ ಬಿಟ್ಟು ಗೋಡೆಗಿಂತ ಒಂದಡಿ ಮೊದಲೇ ಮುಗಿದಿತ್ತು. ಗಾಳಿಯಲ್ಲಿ ನಿಂತ ತೊಲೆಯನ್ನು ನೋಡಿ ಆಚಾರ್ರು ಎದ್ದು ಹೊರಗೆ ಹೋಗಿ ಕವಳ ಹಾಕಿಕೊಂಡರು.

ಇನ್ನು ಮಾಲಿನ ಕಥೆ. ಪ್ಲೈವುಡ್ಡಿನಲ್ಲಿ ಮೂರು ಮಗ್ಗುಲ ಡಬ್ಬಿ ಮಾಡಿ ಮೇಲೆ ಲ್ಯಾಮಿನೇಟ್ ಅಂಟಿಸಬಹುದು, ಅಥವಾ ರೆಡಿಮೇಡ್ ಪಿಯು (ಪಾಲಿಯುರೆಥೇನ್) ಫೋಮಿನ ತೊಲೆ ತರಿಸಬಹುದು. ಫೋಮಿನದನ್ನು ಮನೆಯೊಡತಿ ಒಂದೇ ಕೈಯಲ್ಲಿ ಎತ್ತಿ ಇನ್ನೊಂದು ಕೈಯಲ್ಲಿ ಫೋನ್ ಮಾತಾಡಬಹುದು. ಲೆಕ್ಕ ರನ್ನಿಂಗ್ ಫೂಟಿನದು, ಉದ್ದದ ಒಂದಡಿಗೆ ಇಷ್ಟು ಅಂತ. ಕ್ಯಾಟಲಾಗಿನಲ್ಲಿ ನುಣ್ಣಗಿರುವುದಕ್ಕಿಂತ 'ಡಿಸ್ಟ್ರೆಸ್ಡ್', ಅಂದರೆ ಬೇಕೆಂದೇ ಹಳತಾಗಿಸಿದ್ದು, ಅನ್ನುವುದಕ್ಕೆ ಮರ್ಯಾದೆ ಜಾಸ್ತಿ. ಅದರಲ್ಲಿ ಬಿರುಕು ಇದೆ, ಉಳಿ ಹೊಡೆದ ಗುರುತಿದೆ, ಹುಳು ಕೊರೆದ ತೂತೂ ಇದೆ. ಅಪ್ಪನ ತೊಲೆಯಲ್ಲಿ ತೂತು ಇದೆ ಅಂತಲೇ ಅಲ್ವಾ ಸೌದೆ ರೇಟಿಗೆ ಹೋಗಿದ್ದು? ಮಗ ಈಗ ಅದೇ ತೂತನ್ನು ಅಡಿ ಲೆಕ್ಕದಲ್ಲಿ ಕೊಳ್ಳುತ್ತಿದ್ದಾನೆ. ಬಣ್ಣ ಕೇಳಿದರೆ ಅಡುಗೆಮನೆಗೆ ಕಪ್ಪು ಛಾಯೆ. ಒಲೆಯ ಹೊಗೆ ತಿಂದು ತಿಂದು ಕಪ್ಪಾದ ಬಣ್ಣ ಅದು, ಆ ಹೊಗೆಗೇ ಹೆದರಿ ಹುಳು ದೂರ ಇರುತ್ತಿತ್ತು. ಕೆಳಗೆ ಈಗ ಗ್ಯಾಸು, ಪಕ್ಕದಲ್ಲಿ ಚಿಮಣಿ. ಹೊಗೆ ಹೊರಗೆ, ಮಸಿ ಮಾತ್ರ ಒಳಗೆ.

ಹೊಸದಾಗಿ ಬೀಟೆ ಕಡಿದು ತೊಲೆ ಹಾಕಿ ಅಂತ ನಾನೇನೂ ಹೇಳುತ್ತಿಲ್ಲ. ಇಲಾಖೆಯ ಪಾಸಿಲ್ಲದೆ ಬೀಟೆಯ ತುಂಡನ್ನೂ ಸಾಗಿಸುವ ಹಾಗಿಲ್ಲ, ಹಾಗಿರುವುದೇ ಒಳ್ಳೆಯದು. ತೊಲೆ ನೋಡುವ ಆಸೆ ಅಷ್ಟಿದ್ದರೆ ತುಂಗೆಯ ದಡದಲ್ಲೇ ಶಿವಪ್ಪ ನಾಯಕನ ಅರಮನೆ ಇದೆ, ದಪ್ಪ ದಪ್ಪ ಮರದ ಕಂಬಗಳಿವೆ. ಕುಪ್ಪಳಿಯಲ್ಲಿ ಕವಿಮನೆ ಇದೆ. ಹೋಗುತ್ತಾರೆ ಕೂಡ. ಕಂಬ ತಬ್ಬಿಕೊಂಡು ಫೋಟೋ ತೆಗೆಸಿ ಡಿಸೈನರಿಗೆ ವಾಟ್ಸಾಪ್ ಮಾಡಿ "ಹಿಂಗೇ, ಆದರೆ ಸ್ವಲ್ಪ ಲೈಟ್ ಕಲರ್" ಅಂತ ಬರೆಯುತ್ತಾರೆ.

ಇಷ್ಟೆಲ್ಲ ಆದಮೇಲೆ ಮಳೆ ಬರುತ್ತದೆ. ವರ್ಷಕ್ಕೆ 7000 ಮಿ.ಮೀ. ದಾಟುವ ಆಗುಂಬೆಯಿರುವ ಜಿಲ್ಲೆ ಇದು, ಇಲ್ಲಿ ಚಪ್ಪಟೆ ಟೆರೇಸು ಎಷ್ಟು ದಿನ ತಡೆಯುತ್ತದೆ? ಎರಡು ಆಷಾಢ ಕಳೆಯುವುದರೊಳಗೆ ಸ್ಲ್ಯಾಬ್ ಜಿನುಗಿ, ಜಿಪ್ಸಂ ಉಬ್ಬಿ, ತೊಲೆಯ ಲ್ಯಾಮಿನೇಟು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿದುಕೊಳ್ಳುತ್ತದೆ. ಒಳಗಿನ ಪ್ಲೈವುಡ್ಡಿನ ಮೇಲೆ ಕಂಪನಿಯ ಸೀಲು, ಗ್ರೇಡು ಎಲ್ಲ ಸ್ಪಷ್ಟವಾಗಿ ಕಾಣುತ್ತದೆ. ಆಗ ಎಲ್ಲರೂ ಮಾಡುವುದು ಒಂದೇ. ಟೆರೇಸಿನ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ, ಅಡ್ಡ ಪೈಪು ಬೆಸೆದು, ಇಳಿಜಾರಾಗಿ ಶೀಟು ಹೊದಿಸುತ್ತಾರೆ. ಊರ ತುಂಬ ನೋಡಿ, ಕೋಟಿ ರೂಪಾಯಿ ಮನೆಗೂ ನೆತ್ತಿಯ ಮೇಲೆ ನೀಲಿ ಶೀಟು. ಅಲ್ಲಿಗೆ ಮನೆಗೆ ಮತ್ತೆ ಇಳಿಜಾರು ಮಾಡು ಬಂತು, ತೊಲೆ ಬಂತು, ಪಕಾಸು ಬಂತು. ಭಾರ ಹೊರುವ ತೊಲೆ ಅಲ್ಲಿ, ಬಟ್ಟೆ ಹರವಿದ ಹಗ್ಗದ ಪಕ್ಕ. ಭಾರ ಹೊರದ ತೊಲೆಗಳು ಕೆಳಗೆ ಹಾಲ್‌ನಲ್ಲಿ, ಎಲ್‌ಇಡಿ ಬೆಳಕಿನಲ್ಲಿ.

ನಮ್ಮ ಭಾವ ಈ ಸಲ ಬುದ್ಧಿವಂತರಾಗಿ, ಶೀಟನ್ನೂ ಮೊದಲೇ ಪ್ಲಾನಿನಲ್ಲಿ ಸೇರಿಸಿ ಅಂದಿದ್ದರು. ಹೊರಗಿನ ನೋಟದ ಚಿತ್ರ ಪ್ರಿಂಟಾಗಿ ಬಂತು. ಸ್ವಚ್ಛ ನೀಲಿ ಆಕಾಶ, ಮಲೆನಾಡಿನಲ್ಲಿ ಎಲ್ಲೂ ಇಲ್ಲದ ಎರಡು ಖರ್ಜೂರದ ಮರ, ಚಪ್ಪಟೆ ಟೆರೇಸು.

"ಶೀಟ್ ಎಲ್ಲಪ್ಪಾ?"

"ಇದೆ ಸರ್. ಅಷ್ಟು ಚೆನ್ನಾಗಿ ಕಾಣ್ತಿರಲಿಲ್ಲ, ಅದರ ಲೇಯರ್ ಆಫ್ ಮಾಡಿದೀನಿ."