ಟೆರೇಸಿನ ಮೇಲೆ ಯಾರೂ ಓಡಾಡಬೇಡಿ

ಮಲ್ಲೇಶ್ವರದ ನಮ್ಮ ಬಾಡಿಗೆ ಮನೆಯ ಟೆರೇಸಿನಿಂದ ಯಶವಂತಪುರದ ಕಡೆ ನೋಡಿದರೆ ರಾತ್ರಿ ಹೊತ್ತು ಎತ್ತರದ ಕಟ್ಟಡಗಳ ದೀಪ ಚೆನ್ನಾಗಿ ಕಾಣುತ್ತದೆ. ಅದರ ಫೋಟೊ ತೆಗೆಯೋಣ ಅಂತ ಟ್ರೈಪಾಡ್ ತಂದೆ. 15 ಸೆಕೆಂಡ್ ಎಕ್ಸ್‌ಪೋಶರ್, ಅಂದರೆ ಅಷ್ಟೂ ಹೊತ್ತು ಕ್ಯಾಮೆರಾ ಕಣ್ಣು ತೆರೆದೇ ಇರುತ್ತದೆ, ಚೂರು ಅಲುಗಿದರೂ ಚಿತ್ರ ಕೆಟ್ಟಿತು. ಬಂದದ್ದೇನು? ಪ್ರತಿ ದೀಪಕ್ಕೂ ಒಂದೊಂದು ಬಾಲ.

ಮೊದಲ ಅನುಮಾನ ಗಾಳಿಯ ಮೇಲೆ. ಟ್ರೈಪಾಡಿನ ನಡುವಿನ ಕೊಕ್ಕೆಗೆ 5 ಕೆಜಿ ಸೋನಾ ಮಸೂರಿ ಚೀಲ ನೇತುಹಾಕಿದೆ. ಬಾಲ ಹೋಗಲಿಲ್ಲ. ಬಟನ್ ಒತ್ತುವಾಗ ಅಲುಗುತ್ತಿರಬೇಕು ಅಂತ 2 ಸೆಕೆಂಡ್ ಟೈಮರ್ ಹಾಕಿದೆ. ಊಹೂಂ. ಆಮೇಲೆ ಮನುಷ್ಯರ ಸರದಿ. ಒಣಗಿದ ಬಟ್ಟೆ ತೆಗೆಯಲು ಬಂದ ಹೆಂಡತಿಯನ್ನು ಮೆಟ್ಟಿಲಲ್ಲೇ ನಿಲ್ಲಿಸಿದೆ, ಕುಣಿಯುತ್ತಿದ್ದ ಮಗನನ್ನು ಕೆಳಗೆ ಓಡಿಸಿದೆ, ಕೊನೆಗೆ ಸಂಪಿನ ಮೋಟರ್ ಹಾಕಿದ ಓನರ್ ಆಂಟಿಗೂ ಮೇಲಿಂದಲೇ ಕೂಗಿ "ಆಂಟಿ, ಐದು ನಿಮಿಷ ಆಫ್ ಮಾಡ್ತೀರಾ, ಬಿಲ್ಡಿಂಗ್ ಅಲ್ಲಾಡ್ತಿದೆ" ಅಂದುಬಿಟ್ಟೆ. ಪಾಪ, ಅವರು ಮಲಗಿದ್ದ ಅಂಕಲ್‌ನ ಎಬ್ಬಿಸಿಕೊಂಡು ಬೀದಿಗೆ ಓಡಿದರು.

ಮರುದಿನ ಫೋಟೊ ಹುಚ್ಚಿನ ಭಾವಮೈದನಿಗೆ ತೋರಿಸಿದೆ. ಅವನು ಒಂದೇ ಮಾತು ಕೇಳಿದ. "ಭಾವ, ಸ್ಟೆಬಿಲೈಸರ್ ಆನ್ ಇತ್ತಾ?"

ಇತ್ತು. ಅಲುಗಾಟ ತಡೆಯೋ ಸ್ವಿಚ್ ಅದು, ಆನ್ ಇದ್ದರೆ ಒಳ್ಳೇದೇ ಅಲ್ವಾ? ಅಲ್ಲವಂತೆ. ಲೆನ್ಸಿನೊಳಗಿನ ಗೈರೋ ಸೆನ್ಸರ್ ನಮ್ಮ ಕೈ ನಡುಗಿದ್ದನ್ನು ಹಿಡಿಯುತ್ತದೆ, ಆಗ ಒಳಗಿನ ಗಾಜು ಎದುರು ದಿಕ್ಕಿಗೆ ಸರಿಯುತ್ತದೆ. ಟ್ರೈಪಾಡ್ ಮೇಲೆ ನಡುಕವೇ ಇಲ್ಲ. ಹಾಗಾದಾಗ ಕೆಲವು ಹಳೇ ಲೆನ್ಸುಗಳು ತಮ್ಮದೇ ಮೋಟರಿನ ಸಣ್ಣ ಕಂಪನವನ್ನು ಹಿಡಿದು, ಅದನ್ನು ಸರಿಮಾಡಲು ಹೋಗಿ, ಸರಿಮಾಡಿದ್ದನ್ನು ಮತ್ತೆ ಸರಿಮಾಡುತ್ತಾ ಕೂರುತ್ತವೆ. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ ಅಂತಾರಲ್ಲ, ಹಾಗೆ. ಈಗಿನ ಎಷ್ಟೋ ಲೆನ್ಸುಗಳು ಟ್ರೈಪಾಡನ್ನು ಗುರುತಿಸಿ ತಾವೇ ಸುಮ್ಮನಾಗುತ್ತವೆ. ನನ್ನದು ಸೆಕೆಂಡ್ ಹ್ಯಾಂಡು, ಅಷ್ಟು ಬುದ್ಧಿ ಇಲ್ಲ. (ಮೋಟರ್ ಅನ್ನೋ ಅನುಮಾನ ಸರಿಯಾಗೇ ಇತ್ತು ನೋಡಿ, ಯಾರ ಮೋಟರ್ ಅನ್ನೋದರಲ್ಲಿ ಎಡವಿದೆ ಅಷ್ಟೇ.)

ಆಫ್ ಮಾಡಿ ತೆಗೆದೆ. ಒಂದೊಂದೇ ಕಿಟಕಿ ಎಣಿಸಬಹುದು, ಅಷ್ಟು ಶಾರ್ಪ್! ಆ ಖುಷಿಯಲ್ಲಿ ಸ್ವಿಚ್ಚನ್ನು ಮತ್ತೆ ಆನ್ ಮಾಡೋದೇ ಮರೆತೆ. ಮುಂದಿನ ಭಾನುವಾರ ನಾದಿನಿ ಮಗುವಿನ ನಾಮಕರಣ, ಛತ್ರದಲ್ಲಿ ಮಂದ ಬೆಳಕು, ಕ್ಯಾಮೆರಾ ಕೈಯಲ್ಲಿ. ಪುರೋಹಿತರಿಗೆ ಎರಡು ಮೂಗು ಬಂತು, ಮಗು ಅವಳಿ ಆಯಿತು.

ಹೆಂಡತಿ ಏನೂ ಅನ್ನಲಿಲ್ಲ. ಒಂದು ಸ್ಟಿಕ್ಕರ್ ಬಿಂದಿ ತಂದು ಸ್ವಿಚ್ಚಿನ ಪಕ್ಕ ಅಂಟಿಸಿದಳು. ಓನರ್ ಆಂಟಿ ಮಾತ್ರ ಈಗಲೂ ಮೋಟರ್ ಹಾಕುವ ಮೊದಲು ಟೆರೇಸಿನ ಕಡೆ ಕತ್ತೆತ್ತಿ ಕೇಳುತ್ತಾರೆ, "ಏನಪ್ಪಾ, ಹಾಕ್ಲಾ?"