ಮಕ್ಕಳಾಗದ ಮನೆಯಲ್ಲಿ ಗಂಡ ಬಾಯಿ ತೆರೆಯಬೇಕು

ಮದುವೆಯಾಗಿ ಒಂದೆರಡು ವರ್ಷ ಕಳೆದರೂ ಮಗುವಾಗದಿದ್ದರೆ ನಮ್ಮ ಮನೆಗಳಿಂದ ಮೊದಲು ಆಸ್ಪತ್ರೆಯ ಮೆಟ್ಟಿಲು ಹತ್ತುವವಳು ಹೆಂಡತಿ. ಥೈರಾಯ್ಡ್ ಪರೀಕ್ಷೆ, ಹಾರ್ಮೋನ್ ಪರೀಕ್ಷೆ, ಮುಟ್ಟಿನ ದಿನ ಲೆಕ್ಕ ಹಾಕಿ ಮತ್ತೆ ಮತ್ತೆ ಮಾಡುವ ಸ್ಕ್ಯಾನಿಂಗ್, ಗರ್ಭನಾಳ ತೆರೆದಿದೆಯೇ ಎಂದು ತಿಳಿಯಲು ಔಷಧ ಬಿಟ್ಟು ತೆಗೆಯುವ ಎಕ್ಸ್‌ರೇ, ಕೆಲವರಿಗೆ ಅರಿವಳಿಕೆ ಕೊಟ್ಟು ಹೊಟ್ಟೆಯೊಳಗೆ ಸಣ್ಣ ಕ್ಯಾಮೆರಾ ಬಿಟ್ಟು ನೋಡುವ ಲ್ಯಾಪರೊಸ್ಕೋಪಿ, ಇಷ್ಟೆಲ್ಲ ಮುಗಿದು ಅವಳಲ್ಲಿ ಏನೂ ಸಿಗದೇ ಹೋದಾಗ, 'ನಿಮ್ಮ ಯಜಮಾನರದ್ದೂ ಒಂದು ಟೆಸ್ಟ್ ಮಾಡಿಸಿಬಿಡೋಣ' ಎಂಬ ಮಾತು ಬರುತ್ತದೆ. ನೋವಿಲ್ಲದ, ಬಹಳಷ್ಟು ಲ್ಯಾಬ್‌ಗಳಲ್ಲಿ ಕೆಲವು ನೂರು ರೂಪಾಯಿಗೆ ಆಗುವ, ಒಂದೆರಡು ದಿನದೊಳಗೆ ವರದಿ ಸಿಗುವ ವೀರ್ಯ ಪರೀಕ್ಷೆಯನ್ನು ಕೊನೆಗೆ ಇಟ್ಟುಕೊಂಡು, ನೋವೂ ಖರ್ಚೂ ಇರುವ ಪರೀಕ್ಷೆಗಳನ್ನು ಮೊದಲು ಮಾಡಿಸುವ ಈ ಕ್ರಮಕ್ಕೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಇದು ನಮ್ಮ ಮನೆಗಳಿಂದ ಹುಟ್ಟಿ ಬಂದ ಕ್ರಮ.

ನಾವು ಮೊದಲು ಹೋದ ವೈದ್ಯೆ ಹಾಗೆ ಮಾಡಲಿಲ್ಲ. ಮೊದಲ ಭೇಟಿಯಲ್ಲೇ ಇಬ್ಬರಿಗೂ ಚೀಟಿ ಬರೆದುಕೊಟ್ಟರು. ಹೆಂಡತಿಯ ವರದಿಗಳೆಲ್ಲ ಸರಿಯಾಗಿದ್ದವು. ನನ್ನ ವೀರ್ಯಾಣುಗಳ ಸಂಖ್ಯೆ ಬಹಳ ಕಡಿಮೆಯಿತ್ತು, ಚಲನೆಯೂ ಮಂದವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪರಿಷ್ಕರಿಸಿದ ಕೈಪಿಡಿಯ ಪ್ರಕಾರ ಒಂದು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣುಗಳಿರುವುದು ಕೆಳಗಿನ ಮಿತಿ, ಅವುಗಳಲ್ಲಿ ಶೇ. 42ರಷ್ಟಾದರೂ ಚಲಿಸುತ್ತಿರಬೇಕು. ನನ್ನ ವರದಿ ಆ ಮಿತಿಯ ಹತ್ತಿರವೂ ಇರಲಿಲ್ಲ. ವೀರ್ಯಾಣುವೊಂದು ಬೆಳೆದು ಸಿದ್ಧವಾಗಲು ಎರಡೂವರೆ ತಿಂಗಳ ಆಸುಪಾಸು ಬೇಕಾಗುವುದರಿಂದ, ಒಂದೇ ವರದಿ ನೋಡಿ ತೀರ್ಮಾನಿಸದೆ ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಪರೀಕ್ಷಿಸಿದರು. ಫಲಿತಾಂಶ ಬದಲಾಗಲಿಲ್ಲ.

ಇದನ್ನು ಫೇಸ್‌ಬುಕ್‌ನಲ್ಲಿ ಬರೆಯುವ ಅಗತ್ಯವೇನು ಎಂದು ಕೆಲವರಿಗೆ ಅನ್ನಿಸಬಹುದು. ನಾನು ಬರೆಯದಿದ್ದರೆ, ನಾನು ಹೇಳದಿದ್ದರೆ, ಊರಿನ ಕಣ್ಣು ತಾನಾಗಿಯೇ ನನ್ನ ಹೆಂಡತಿಯ ಕಡೆ ತಿರುಗುತ್ತದೆ ಎಂಬುದೇ ಅದಕ್ಕೆ ಕಾರಣ. ಯಾರೂ ನನ್ನನ್ನು ನಿಲ್ಲಿಸಿ 'ಏನೂ ವಿಶೇಷ ಇಲ್ಲವೇ' ಎಂದು ಕೇಳಿದ್ದಿಲ್ಲ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಗೃಹಪ್ರವೇಶದಲ್ಲಿ, ಬಸ್ಸಿನಲ್ಲಿ ಪಕ್ಕ ಕುಳಿತ ಅಪರಿಚಿತರಿಂದ ಕೂಡ ಆ ಪ್ರಶ್ನೆ ಎದುರಿಸಿದವಳು ಅವಳು. ಮಡಿಲು ತುಂಬುವ ಶಾಸ್ತ್ರದಲ್ಲಿ ಅವಳ ಕೈಗೆ ಅರಿಶಿನ ಕುಂಕುಮದ ತಟ್ಟೆ ಬರುವ ಹೊತ್ತಿಗೆ ಯಾರೋ ಅದನ್ನು ಪಕ್ಕದವರಿಗೆ ದಾಟಿಸುತ್ತಾರೆ. ಸೀಮಂತಕ್ಕೆ ಕರೆಯುವುದಿಲ್ಲ, ಅಥವಾ ಕರೆದೂ ಬರದಿದ್ದರೆ ಚೆನ್ನ ಎಂಬಂತೆ ಕರೆಯುತ್ತಾರೆ. ಇವೆಲ್ಲ ನಡೆಯುವಾಗ, ಕಾರಣ ತನ್ನಲ್ಲಿದೆ ಎಂದು ಗೊತ್ತಿದ್ದೂ ಗಂಡನಾದವನು ಸುಮ್ಮನಿದ್ದರೆ ಆ ಮೌನ ಅವಳ ಮೇಲೆ ಹೊರಿಸಿದ ಆರೋಪವೇ ಆಗುತ್ತದೆ.

ಅಮ್ಮನಿಗೆ ನಾನೇ ಹೇಳಿದೆ. ಸೊಸೆಯನ್ನು ಕುಕ್ಕೆಗೆ ಕರೆದುಕೊಂಡು ಹೋಗಿ ಸರ್ಪಸಂಸ್ಕಾರ ಮಾಡಿಸಬೇಕು, ಆಮೇಲೆ ಅಶ್ವತ್ಥಕಟ್ಟೆಯಲ್ಲಿ ನಾಗಪ್ರತಿಷ್ಠೆ ಮಾಡಿಸಬೇಕು ಎಂದು ಅವರು ದಿನ ನೋಡಿಸುತ್ತಿದ್ದರು. 'ಅಮ್ಮಾ, ಅವಳಲ್ಲಿ ಏನೂ ತೊಂದರೆ ಇಲ್ಲ, ಇರುವುದು ನನ್ನಲ್ಲಿ' ಎಂದಾಗ ಅವರು ಮೊದಲು ನಂಬಲಿಲ್ಲ. 'ನಿನಗೇನಾಗಿದೆಯಪ್ಪಾ, ಗಟ್ಟಿಮುಟ್ಟಾಗಿ ಇದ್ದೀಯಲ್ಲ' ಎಂದರು. ಆ ಮಾತಿನಲ್ಲಿ ಒಂದು ದೊಡ್ಡ ತಪ್ಪು ತಿಳುವಳಿಕೆ ಇದೆ, ಅದು ಅವರೊಬ್ಬರದಲ್ಲ. ದೇಹದಾರ್ಢ್ಯಕ್ಕೂ, ದಾಂಪತ್ಯ ಸುಖಕ್ಕೂ, ವೀರ್ಯಾಣುಗಳ ಸಂಖ್ಯೆಗೂ ನೇರ ಸಂಬಂಧವಿಲ್ಲ. ಎಲ್ಲ ರೀತಿಯಲ್ಲೂ ಆರೋಗ್ಯವಂತನಾಗಿ ಕಾಣುವ ಗಂಡಸಿನ ವರದಿಯಲ್ಲಿ ಒಂದೇ ಒಂದು ವೀರ್ಯಾಣುವೂ ಇಲ್ಲದಿರಬಹುದು. ಮೈ ಬೆಳೆಸಲೆಂದು ಜಿಮ್‌ಗಳಲ್ಲಿ ಹುಡುಗರು ತೆಗೆದುಕೊಳ್ಳುವ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ವೀರ್ಯಾಣುಗಳ ಉತ್ಪಾದನೆಯನ್ನೇ ನಿಲ್ಲಿಸಿಬಿಡಬಲ್ಲದು. ವೃಷಣದ ರಕ್ತನಾಳಗಳು ಉಬ್ಬುವ ವೆರಿಕೋಸೀಲ್, ಪ್ರಾಯಕ್ಕೆ ಬಂದ ಮೇಲೆ ಬಂದ ಮಂಗನಬಾವು, ಹುಟ್ಟಿನಿಂದಲೇ ಇರುವ ವರ್ಣತಂತು ದೋಷ, ಹೀಗೆ ಕಾರಣಗಳು ಹಲವಿವೆ. ಕಾರಣವೇ ಸಿಗದ ಪ್ರಕರಣಗಳೂ ಬಹಳ. ಇದನ್ನೆಲ್ಲ ಗಂಡಸ್ತನದ ಲೆಕ್ಕಕ್ಕೆ ಹಾಕಿದ್ದರಿಂದಲೇ, ಬಸ್‌ನಿಲ್ದಾಣದ ಗೋಡೆಗಳ ಮೇಲೆ ಗುಪ್ತರೋಗದ ಜಾಹೀರಾತು ಅಂಟಿಸುವವರ ಹೊಟ್ಟೆ ತುಂಬುತ್ತಿದೆ. ತಜ್ಞ ವೈದ್ಯರ ಬಳಿ ಹೋಗಲು ನಾಚುವ ಗಂಡಸು ಕತ್ತಲಾದ ಮೇಲೆ ಅಲ್ಲಿಗೆ ಹೋಗಿ ಸಾವಿರಾರು ರೂಪಾಯಿ ಸುರಿದು ಬರುತ್ತಾನೆ.

ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯಂತೆ ಜಗತ್ತಿನ ವಯಸ್ಕರಲ್ಲಿ ಸುಮಾರು ಆರರಲ್ಲಿ ಒಬ್ಬರು ಜೀವನದ ಒಂದಲ್ಲ ಒಂದು ಹಂತದಲ್ಲಿ ಸಂತಾನಹೀನತೆಯನ್ನು ಎದುರಿಸುತ್ತಾರೆ. ಹೆಚ್ಚುಕಡಿಮೆ ಅರ್ಧದಷ್ಟು ದಂಪತಿಗಳಲ್ಲಿ ಗಂಡಿನ ಕಡೆಯ ಕಾರಣವೂ ಸೇರಿರುತ್ತದೆ. ಹಾಗಿದ್ದರೂ ನಮ್ಮ ಸಂಬಂಧಿಕರಲ್ಲಿ, ಸಹೋದ್ಯೋಗಿಗಳಲ್ಲಿ, 'ತೊಂದರೆ ನನ್ನದು' ಎಂದ ಒಬ್ಬನೇ ಒಬ್ಬ ಗಂಡಸನ್ನು ನಾನು ಕಂಡಿರಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಚಿಕಿತ್ಸೆಯ ಸ್ವರೂಪ. ನನ್ನಂಥವರಿಗೆ ವೈದ್ಯರು ಸಾಮಾನ್ಯವಾಗಿ ಸೂಚಿಸುವುದು ಇಕ್ಸಿ ಎಂಬ ವಿಧಾನವನ್ನು. ಒಂದೇ ಒಂದು ವೀರ್ಯಾಣುವನ್ನು ಅತಿ ಸಣ್ಣ ಸೂಜಿಯಿಂದ ನೇರವಾಗಿ ಅಂಡಾಣುವಿನೊಳಗೆ ಸೇರಿಸುವ ಈ ವಿಧಾನದಿಂದ ಹುಟ್ಟಿದ ಮೊದಲ ಮಕ್ಕಳ ವಿವರವನ್ನು 1992ರಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನ ವೈದ್ಯರು ಪ್ರಕಟಿಸಿದರು. ಅಲ್ಲಿಯವರೆಗೆ ಆಸೆ ಬಿಟ್ಟಿದ್ದ ಎಷ್ಟೋ ಗಂಡಸರು ಅದರಿಂದಾಗಿ ತಂದೆಯರಾದರು. ಆ ವಿಜ್ಞಾನಿಗಳ ಬಗ್ಗೆ ನನಗೆ ಅಪಾರ ಕೃತಜ್ಞತೆಯಿದೆ. ಆದರೆ ಈ ಚಿಕಿತ್ಸೆಯಲ್ಲಿ ಗಂಡ ಮಾಡಬೇಕಾದ್ದು ಬಹುಮಟ್ಟಿಗೆ ಒಂದು ಡಬ್ಬಿಯಲ್ಲಿ ಮಾದರಿ ಕೊಡುವುದು, ಎರಡು ಮೂರು ಕಾಗದಗಳಿಗೆ ಸಹಿ ಹಾಕುವುದು. ಹತ್ತು ಹನ್ನೆರಡು ದಿನ ಹೊಟ್ಟೆಗೆ ಹಾರ್ಮೋನ್ ಸೂಜಿ ಚುಚ್ಚಿಸಿಕೊಳ್ಳುವವಳು ಹೆಂಡತಿ. ಅಂಡಾಶಯ ಊದಿಕೊಂಡು ನಡೆಯಲಾರದಂತಾಗುವವಳು ಅವಳು. ಅರಿವಳಿಕೆಯಲ್ಲಿ ಅಂಡಾಣು ತೆಗೆಸಿಕೊಳ್ಳುವವಳು, ಭ್ರೂಣವನ್ನು ಗರ್ಭಕ್ಕೆ ಸೇರಿಸಿದ ಮೇಲೆ ಸೊಂಟದ ಕೆಳಗೆ ಎಣ್ಣೆಯಂಥ ಪ್ರೊಜೆಸ್ಟೆರಾನ್ ಇಂಜೆಕ್ಷನ್ ಹಾಕಿಸಿಕೊಂಡು ಗಂಟು ಕಟ್ಟಿದ ಜಾಗಕ್ಕೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳುವವಳು ಅವಳೇ. ಯಾವ ದೋಷವೂ ಇಲ್ಲದ ಅವಳ ದೇಹ ನನ್ನ ದೇಹದ ಕೊರತೆಗಾಗಿ ಇಷ್ಟನ್ನೂ ಸಹಿಸಿತು. ವಿಜ್ಞಾನ ಈ ಹೊರೆಯನ್ನು ಇನ್ನೂ ಹಂಚಲಾರದು. ಮಾತಿನ ಹೊರೆಯನ್ನಾದರೂ ನಾನು ಹೊತ್ತುಕೊಳ್ಳಬಹುದು, ಹೊತ್ತುಕೊಳ್ಳಲೇಬೇಕು.

ಹಣದ ವಿಚಾರ ಬೇರೆ. ಒಂದು ಸುತ್ತಿನ ಚಿಕಿತ್ಸೆಗೆ ಲಕ್ಷಗಳ ಲೆಕ್ಕದಲ್ಲೇ ಖರ್ಚಾಗುತ್ತದೆ, ನಮ್ಮ ಆರೋಗ್ಯ ವಿಮೆಯಲ್ಲಿ ಅದಕ್ಕೆ ಜಾಗವಿಲ್ಲ, ಆಯುಷ್ಮಾನ್ ಭಾರತ್ ಯೋಜನೆಯಲ್ಲೂ ಸಂತಾನ ಚಿಕಿತ್ಸೆಯನ್ನು ಹೊರಗಿಟ್ಟಿದ್ದಾರೆ. ನಮ್ಮ ಮನೆಯಲ್ಲಿ ಸಹಕಾರ ಸಂಘಕ್ಕೆ ಅಡವಿಗೆ ಹೋದದ್ದು ಅವಳ ತವರಿನ ಒಡವೆ. ಅದನ್ನೂ ಇಲ್ಲಿ ಬರೆದಿಡಬೇಕು.

2021ರ ಸಂತಾನ ನೆರವು ತಂತ್ರಜ್ಞಾನ ನಿಯಂತ್ರಣ ಕಾಯ್ದೆಯ ಬಗ್ಗೆ ಚಿಕಿತ್ಸೆಗೆ ಹೊರಟವರಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. 21ರಿಂದ 50 ವರ್ಷದ ಮಹಿಳೆಯರಿಗೆ, 21ರಿಂದ 55 ವರ್ಷದ ಪುರುಷರಿಗೆ ಮಾತ್ರ ಚಿಕಿತ್ಸೆ ಎಂಬ ವಯೋಮಿತಿಯಷ್ಟೇ ಅದರಲ್ಲಿಲ್ಲ. ಯಶಸ್ಸಿನ ಸಾಧ್ಯತೆ, ಖರ್ಚು, ಅಡ್ಡಪರಿಣಾಮ, ಅಪಾಯ ಇವೆಲ್ಲವನ್ನೂ ದಂಪತಿಗೆ ವಿವರಿಸಿ ಆಪ್ತಸಮಾಲೋಚನೆ ನಡೆಸುವುದು ಕ್ಲಿನಿಕ್ಕಿನ ಕರ್ತವ್ಯ ಎಂದೂ ಆ ಕಾಯ್ದೆ ಹೇಳುತ್ತದೆ. ಆ ಸಮಾಲೋಚನೆಗೆ ಇಬ್ಬರೂ ಕೂರಬೇಕು. ಕಾಯುವ ಕೊಠಡಿಗಳಲ್ಲಿ ನಾನು ನೋಡಿದ ಎಷ್ಟೋ ಹೆಣ್ಣುಮಕ್ಕಳ ಜೊತೆಗಿದ್ದವರು ಅವರ ತಾಯಿ ಇಲ್ಲವೇ ಅಕ್ಕ. ಗಂಡಂದಿರು ಕೆಲಸದ ಮೇಲಿದ್ದರು, ಅಥವಾ ಹೊರಗೆ ಬೈಕಿನ ಮೇಲೆ ಕುಳಿತಿದ್ದರು.

ಮಕ್ಕಳಿಲ್ಲದವರಿಗೆ ಸಮಾಧಾನ ಹೇಳುವಾಗ ನಮ್ಮವರು ಸಾಲುಮರದ ತಿಮ್ಮಕ್ಕನವರ ಹೆಸರು ಎತ್ತುತ್ತಾರೆ. ಆ ತಾಯಿಯ ಬಗ್ಗೆ ನನಗಿರುವ ಗೌರವ ದೊಡ್ಡದು. ಆದರೆ ಮಗುವಾಗದ ಹೆಂಗಸಿಗೆ ಮರ್ಯಾದೆ ಸಿಗಬೇಕಾದರೆ ಅವಳು ನಾಡೇ ಮೆಚ್ಚುವ ಕೆಲಸ ಮಾಡಿ ತೋರಿಸಬೇಕು ಎಂಬ ಧ್ವನಿ ಆ ಸಮಾಧಾನದಲ್ಲಿ ಇರುತ್ತದೆ, ಅದನ್ನು ನಾನು ಒಪ್ಪುವುದಿಲ್ಲ. ಅಲ್ಲದೆ ಆ ಕಥೆಯ ಅರ್ಧ ಭಾಗವನ್ನು ಹೇಳುವವರು ಕಡಿಮೆ. ಹುಲಿಕಲ್‌ನಿಂದ ಕುದೂರಿನ ಕಡೆಗೆ ಹೋಗುವ ದಾರಿಯಲ್ಲಿ ಆಲದ ಸಸಿ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸುವಾಗ ಅವರ ಪತಿ ಚಿಕ್ಕಯ್ಯನವರೂ ಜೊತೆಗಿದ್ದರು. ಕೊರಗು ಇಬ್ಬರದೂ ಆಗಿತ್ತು, ದುಡಿಮೆಯೂ ಇಬ್ಬರದು.

ನಮ್ಮ ಮೊದಲ ಪ್ರಯತ್ನ ಫಲಿಸಲಿಲ್ಲ. ರಕ್ತಪರೀಕ್ಷೆಯ ವರದಿ ಬಂದ ಸಂಜೆ ಅವಳು ಯಾರೊಡನೆಯೂ ಮಾತನಾಡಲಿಲ್ಲ, ನಾನೂ ಒತ್ತಾಯಿಸಲಿಲ್ಲ. ನಾನು ಅತ್ತದ್ದು ಮಾರನೆಯ ದಿನ, ಶಾಲೆಯ ಕೆಲಸ ಮುಗಿಸಿ ಮನೆಗೆ ಬಂದ ಮೇಲೆ. ಗಂಡಸರು ಅಳಬಾರದು ಎಂಬ ನಿಯಮವೂ ಈ ವಿಷಯದಲ್ಲಿ ನಮಗೆ ಬಹಳ ಕೇಡು ಮಾಡಿದೆ; ಹೆಂಡತಿಯ ದುಃಖಕ್ಕೆ ನಾವು ಸಮಾಧಾನ ಹೇಳುವವರಾಗಿ ಮಾತ್ರ ನಿಂತರೆ, ಆ ದುಃಖ ಅವಳೊಬ್ಬಳದು ಎಂದಾಗಿಬಿಡುತ್ತದೆ.

ಇದನ್ನು ಪ್ರಕಟಿಸುವ ಮೊದಲು ಅವಳಿಗೆ ಓದಲು ಕೊಟ್ಟೆ. ಎರಡು ವಾಕ್ಯಗಳನ್ನು ತೆಗೆಸಿದಳು, ಒಡವೆಯ ವಿಚಾರ ಇರಲಿ ಎಂದಳು. ಘನೀಕರಿಸಿ ಇಟ್ಟಿರುವ ಭ್ರೂಣಗಳಿವೆ, ಮುಂದಿನ ತಿಂಗಳು ಮತ್ತೆ ಆಸ್ಪತ್ರೆಗೆ ಹೋಗುತ್ತೇವೆ. ಅದೂ ಕೈಗೂಡದಿದ್ದರೆ ದತ್ತು ಸ್ವೀಕಾರಕ್ಕೆ ಹೆಸರು ನೋಂದಾಯಿಸುವ ಬಗ್ಗೆ ಇಬ್ಬರೂ ಯೋಚಿಸುತ್ತಿದ್ದೇವೆ, ಇನ್ನೂ ತೀರ್ಮಾನಿಸಿಲ್ಲ. ಈ ಸಲ ಫಲಿತಾಂಶ ಏನೇ ಬಂದರೂ ಅವಳ ತವರಿಗೂ ನಮ್ಮ ಊರಿಗೂ ಫೋನ್ ಮಾಡಿ ಹೇಳುವವನು ನಾನು ಎಂದು ನಮ್ಮಿಬ್ಬರಲ್ಲಿ ಮಾತಾಗಿದೆ.